ರುಚಿಯನ್ನು ಮಾರ್ಪಡಿಸುವ ಫಲಗಳು

ಕಾರ್ತಿಕಮಾಸದ ಉತ್ಥಾನದ್ವಾದಶಿಯಂದು ತುಳಸಿಯ ಬಳಿಯಲ್ಲಿ ಕಾಯಿಸಹಿತವಾದ ನೆಲ್ಲಿಯ ಕೊಂಬೆಯನ್ನು ನೆಟ್ಟು ಪೂಜಿಸುವುದು ಕನ್ನಡನಾಡಿನ ಸಂಪ್ರದಾಯ. ಹೈದರಾಬಾದಿನ ನಾಚಾರಂನಲ್ಲಿ ನೆಲಸಿದ ಕನ್ನಡಿಗರು ಅದನ್ನು ಅಂಗಡಿಯಲ್ಲಿ ಕೇಳುವಾಗ ತೆಲುಗಿನ ‘ಉಸಿರಿ’ ಎಂಬ ಹೆಸರನ್ನು ಹೇಳಬೇಕಾಗುತ್ತದೆ. ಹೆಸರು ಯಾವುದಾದರೇನು, ಆ ಕಾಯಿಯನ್ನು ಅಗಿದು ನೀರು ಕುಡಿದರೆ ನೀರು ಸಿಹಿಯಾಗುವುದೆಂಬುದು ಎರಡು ಭಾಷೆಗಳ ಮಕ್ಕಳಿಗೂ ತಿಳಿದ ಸಂಗತಿ. ಈ ಸಿಹಿ ಎಲ್ಲಿಂದ ಬಂದಿತು?

ಲವಣವೊಂದನ್ನುಳಿದು ಮಿಕ್ಕ ಐದು ರಸಗಳೂ ನೆಲ್ಲಿಯಲ್ಲಿ ಉಂಟೆಂದು ಚರಕಸಂಹಿತೆ ಹೇಳುತ್ತದೆ. ಅದರ ವಿಪಾಕವು ಮಧುರವೆಂದೂ ಆಯುರ್ವೇದದ ಮತ. ಆದರೆ ವಿಪಾಕವೆಂಬುದು ಆಹಾರವು ಜೀರ್ಣವಾದ ಬಳಿಕ ಪ್ರಕಟವಾಗುವ ಗುಣ. ಬಾಯಿಯಲ್ಲಿ ಕೂಡಲೇ ತೋರುವ ಸಿಹಿಗೆ ಅದನ್ನೇ ಕಾರಣವೆನ್ನುವುದು ಸರಿಯಾಗದು. ಹುಳಿಗೆ ಒಗ್ಗಿದ ನಾಲಗೆಗೆ ಬರಿಯ ನೀರೂ ಸಿಹಿಯಾಗಿ ತೋರುವುದೆಂದು ಪ್ರಯೋಗಗಳಿಂದ ತಿಳಿದುಬಂದಿದೆ. ಬದಲಾದದ್ದು ನೀರಲ್ಲ, ನಾಲಗೆ.

ಈ ವ್ಯಾಪಾರದ ಪರಾಕಾಷ್ಠೆಯನ್ನು ಪಶ್ಚಿಮ ಆಫ್ರಿಕದ ಒಂದು ಕೆಂಪು ಹಣ್ಣಿನಲ್ಲಿ ಕಾಣಬಹುದು. ಸಸ್ಯಶಾಸ್ತ್ರದಲ್ಲಿ ಇದಕ್ಕೆ ಸಿನ್ಸೆಪಾಲಮ್ ಡಲ್ಸಿಫಿಕಮ್ ಎಂದು ಹೆಸರು. ಲೋಕದಲ್ಲಿ ‘ಪವಾಡದ ಹಣ್ಣು’ ಎಂದೇ ಪ್ರಸಿದ್ಧ. ಅಲ್ಲಿಯ ಜನರು ಹುಳಿಗಂಜಿಯನ್ನೂ ತಾಳೆಯ ಹೆಂಡವನ್ನೂ ಸೇವಿಸುವ ಮೊದಲು ಇದನ್ನು ಅಗಿಯುತ್ತಿದ್ದರು. ಫ್ರೆಂಚ್ ಪ್ರವಾಸಿ ದೆ ಮಾರ್ಷೆ ೧೭೨೫ರಲ್ಲಿ ಈ ಹಣ್ಣನ್ನು ಗಮನಿಸಿದನು. ಇದರ ಸಾರವಾದ ಮಿರಾಕ್ಯುಲಿನ್ ಎಂಬ ಪ್ರೋಟೀನನ್ನು ವಿಜ್ಞಾನಿಗಳು ೧೯೬೮ರಲ್ಲಿ ಬೇರ್ಪಡಿಸಿದರು. ಅದು ತಾನೇ ಸಿಹಿಯಾದುದಲ್ಲ. ಸಿಹಿಯನ್ನು ಗ್ರಹಿಸುವ ನಾಲಗೆಯ ಗ್ರಾಹಿಗಳಿಗೆ ಅಂಟಿಕೊಂಡು ಸುಮ್ಮನಿರುತ್ತದೆ. ಹುಳಿಯು ಸೋಕಿದೊಡನೆ ಅವುಗಳನ್ನು ಪ್ರಚೋದಿಸುತ್ತದೆ. ಅದರ ಪ್ರಭಾವವಿರುವವರೆಗೆ ನಿಂಬೆಯ ಹುಳಿಯೂ ಶರಬತ್ತಿನಂತೆ ಸಿಹಿಯೆನಿಸುವುದು.

ಇದಕ್ಕೆ ವಿರುದ್ಧವಾದುದು ನಮ್ಮ ದೇಶದ ಮಧುನಾಶಿನಿ. ತೆಲುಗರು ಇದನ್ನು ‘ಪೊಡಪತ್ರಿ’ ಎನ್ನುತ್ತಾರೆ. ಇಲ್ಲಿ ಕೆಲಸ ಮಾಡುವುದು ಹಣ್ಣಲ್ಲ, ಬಳ್ಳಿಯ ಎಲೆ. ಅದನ್ನು ಅಗಿದವನಿಗೆ ಸಕ್ಕರೆಯು ಸುಮಾರು ಅರ್ಧ ಗಂಟೆಯ ಕಾಲ ಮರಳಿನಂತೆ ರುಚಿಹೀನವಾಗುತ್ತದೆ. ಉದಕಮಂಡಲದಲ್ಲಿದ್ದ ರಸಾಯನಜ್ಞ ಡೇವಿಡ್ ಹೂಪರ್ ೧೮೮೭ರಲ್ಲಿ ಈ ಎಲೆಯ ಸಾರವನ್ನು ಪರೀಕ್ಷಿಸಿ ಅದಕ್ಕೆ ಜಿಮ್ನೆಮಿಕ್ ಆಮ್ಲವೆಂದು ಹೆಸರಿಟ್ಟನು. ಆಫ್ರಿಕದ ಹಣ್ಣು ಯಾವ ಗ್ರಾಹಿಯನ್ನು ಎಚ್ಚರಿಸುವುದೋ ಅದೇ ಗ್ರಾಹಿಯನ್ನು ಈ ಎಲೆಯು ತಡೆಯುತ್ತದೆ.

ಇದನ್ನು ಬರಿಯ ವಿನೋದವೆಂದು ಬಿಡುವಂತಿಲ್ಲ. ಮಧುಮೇಹಿಗಳಿರುವ ಮನೆಗಳಲ್ಲಿ ಇಂತಹ ವಸ್ತುಗಳ ವಿಷಯದಲ್ಲಿ ಆಸೆಯೂ ಭ್ರಾಂತಿಯೂ ಒಟ್ಟಿಗೆ ಹುಟ್ಟುತ್ತವೆ. ಸಕ್ಕರೆಯಿಲ್ಲದೆ ಸಿಹಿಯನ್ನು ಅನುಭವಿಸಬಹುದೆಂಬುದು ನಿಜ. ಎಲೆಯನ್ನಗಿದು ಸಿಹಿತಿಂಡಿಯ ಚಾಪಲ್ಯವನ್ನು ಕ್ಷಣಕಾಲ ಅಡಗಿಸಬಹುದೆಂಬುದೂ ನಿಜ. ಆದರೆ ಸಪ್ಪೆಯೆಂದು ತೋರಿದ ಸಕ್ಕರೆಯು ಹೊಟ್ಟೆಯಲ್ಲಿ ಸಕ್ಕರೆಯೇ. ಸಿಹಿಯೆಂದು ತೋರಿದ ನಿಂಬೆಯು ಹಲ್ಲಿಗೆ ಆಮ್ಲವೇ. ನಾಲಗೆಯು ಮರುಳಾದ ಮಾತ್ರಕ್ಕೆ ರಕ್ತವು ಮರುಳಾಗುವುದಿಲ್ಲ. ಆದುದರಿಂದ ವೈದ್ಯರನ್ನು ಕೇಳದೆ ಇವನ್ನೇ ಔಷಧವೆಂದು ನಂಬಿ, ನಡೆಯುತ್ತಿರುವ ಚಿಕಿತ್ಸೆಯನ್ನು ಬಿಡುವುದು ಅಪಾಯಕರ. ರುಚಿಯು ವಸ್ತುವಿನಲ್ಲಿ ಎಷ್ಟಿದೆಯೋ ಅದನ್ನು ಸವಿಯುವವನಲ್ಲಿಯೂ ಅಷ್ಟೇ ಇದೆ. ಒಂದು ನೆಲ್ಲಿಕಾಯಿ, ಒಂದು ಲೋಟ ನೀರು ಇದ್ದರೆ ಯಾರಾದರೂ ಇದನ್ನು ಪರೀಕ್ಷಿಸಿ ನೋಡಬಹುದು.