ಕಬ್ಬಿಣದ ಹಿಡಿತ ಬಿಡಿಸುವ ತೊಗರಿ ಬೇರು

ಹೈದರಾಬಾದಿನ ಸನತ್‌ನಗರದ ಕಾರ್ಖಾನೆಗಳ ಸಾಲು ದಾಟಿ ಮುಂಬೈ ಹೆದ್ದಾರಿ ಹಿಡಿದರೆ ಕೂಕಟ್‌ಪಲ್ಲಿ, ಮಿಯಾಪುರ ಕಳೆದು ಸುಮಾರು 20 ಕಿ.ಮೀ.ಗೆ ಪಟಾನ್‌ಚೆರು ಸಿಗುತ್ತದೆ. ಇದೇ ರಸ್ತೆ ಮುಂದೆ ಜಹೀರಾಬಾದ್ ಹಾಯ್ದು ಹುಮನಾಬಾದಿಗೆ ಹೋಗುತ್ತದೆ. ಬೀದರ್, ಕಲಬುರಗಿ ಕಡೆಯಿಂದ ಹೈದರಾಬಾದಿಗೆ ಬಂದು ನೆಲೆಸಿದ ಕನ್ನಡಿಗರಿಗೆ ಇದು ಊರಿನ ದಾರಿ. ಪಟಾನ್‌ಚೆರುವಿನಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವ ಇಕ್ರಿಸ್ಯಾಟ್ ಕಾಂಪೌಂಡಿನೊಳಗೆ, ನಾವು ದಿನಾ ಸಾರಿಗೆ ಬೇಯಿಸುವ ತೊಗರಿಯ ಬಗ್ಗೆ ಬಹಳ ದೊಡ್ಡ ಸಂಗತಿಯೊಂದು ಪತ್ತೆಯಾಗಿದೆ. ಆದರೆ ತೊಗರಿ ಬೆಳೆಯುವ ನಮ್ಮ ಊರುಗಳಿಗೇ ಆ ಸುದ್ದಿ ಅಷ್ಟಾಗಿ ಮುಟ್ಟಿಲ್ಲ.

ಅರೆ ಒಣ ಉಷ್ಣವಲಯದ ಬೆಳೆಗಳಿಗೆಂದು 1972ರಲ್ಲಿ ಶುರುವಾದ ಈ ಅಂತರರಾಷ್ಟ್ರೀಯ ಸಂಸ್ಥೆಯ ಜಮೀನು ಸುಮಾರು 1,400 ಹೆಕ್ಟೇರ್. ಅದರೊಳಗೆ ಎರೆ ಎಂಬ ಕಪ್ಪು ಮಣ್ಣೂ ಇದೆ, ಮಸಾರಿ ಎಂಬ ಕೆಂಪು ಮಣ್ಣೂ ಇದೆ. ದಖ್ಖನದ ಒಣಬೇಸಾಯವೆಲ್ಲ ನಿಂತಿರುವುದು ಈ ಎರಡು ಮಣ್ಣುಗಳ ಮೇಲೆಯೇ. ಎರಡೂ ಒಂದೇ ಬೇಲಿಯೊಳಗೆ ಸಿಕ್ಕಿದ್ದರಿಂದ, ಅದೇ ಮಳೆ, ಅದೇ ಬಿಸಿಲಿನಲ್ಲಿ ಒಂದು ಬೆಳೆ ಎರಡೂ ಕಡೆ ಹೇಗೆ ನಡೆದುಕೊಳ್ಳುತ್ತದೆಂದು ನೋಡುವುದು ಸಾಧ್ಯವಾಯಿತು.

ಗಿಡಕ್ಕೆ ಸಾರಜನಕ ಬೇಕು, ಪೊಟ್ಯಾಷ್ ಬೇಕು. ಆದರೆ ಉಷ್ಣವಲಯದ ಹಳೆಯ ಕೆಂಪು ಮಣ್ಣುಗಳಲ್ಲಿ ಅದಕ್ಕೆ ಹೆಚ್ಚು ಅಭಾವವಾಗುವುದು ರಂಜಕ. ಲಕ್ಷಾಂತರ ವರ್ಷ ಮಳೆಗೆ ತೊಳೆದುಹೋದ ಮಣ್ಣಿನಲ್ಲಿ ಕೊನೆಗೆ ಕಬ್ಬಿಣ, ಅಲ್ಯೂಮಿನಿಯಂ ಉಳಿಯುತ್ತವೆ, ಇದ್ದಬದ್ದ ರಂಜಕವನ್ನು ಅವು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಡಿಎಪಿ ಗೊಬ್ಬರ ಸುರಿದರೂ ಅದರ ಬಹುಪಾಲಿಗೆ ಇದೇ ಗತಿ. ನೈಟ್ರೇಟ್‌ನ ಹಾಗೆ ರಂಜಕ ನೀರಿನ ಜೊತೆ ಹರಿದು ಬೇರಿನ ಬಳಿಗೆ ಬರುವುದೂ ಇಲ್ಲ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್ ಮಣ್ಣಿನಲ್ಲಿರುವುದನ್ನು ಹೀರಿ ಮುಗಿಸಿದರೆ ಮುಂದಿನದು ಬಂದು ತುಂಬಿಕೊಳ್ಳಲು ಬಹಳ ಕಾಲ ಬೇಕು. ಹೀಗಾಗಿ ಮಸಾರಿಯನ್ನು ಬಡ ಮಣ್ಣು ಎನ್ನುವುದು ಪೂರ್ತಿ ನಿಜವಲ್ಲ. ಅಲ್ಲಿ ಆಹಾರವಿದೆ, ಗಿಡದ ಕೈಗೆ ಸಿಗುವುದಿಲ್ಲ ಅಷ್ಟೆ.

ಆದರೂ ತೊಗರಿ ಅಲ್ಲಿ ಬದುಕುತ್ತದಲ್ಲ, ಹೇಗೆ? ಜಪಾನಿನ ನೊರಿಹಾರು ಏ, ಜೋಜಿ ಅರಿಹಾರ ಮತ್ತು ಅವರ ಜೊತೆಗಾರರು ಇಕ್ರಿಸ್ಯಾಟ್‌ನಲ್ಲಿ ಹಿಡಿದ ಪ್ರಶ್ನೆ ಇದು. ರಂಜಕದ ಗೊಬ್ಬರ ಕೊಡದೆ ಬೆಳೆಸಿದಾಗ ಎರೆ ಮಣ್ಣಿನಲ್ಲಿ ಜೋಳವೇ ಮುಂದಿತ್ತು. ಕೆಂಪು ಮಣ್ಣಿನಲ್ಲಿ ಲೆಕ್ಕ ತಿರುಗಿತು: ಅಲ್ಲಿ ತೊಗರಿ ಹಿಂದೆ ಬೀಳಲಿಲ್ಲ. ಎರೆಯಲ್ಲಿ ರಂಜಕದ ಒಳ್ಳೆಯ ಪಾಲು ಸುಣ್ಣದ ಅಂಶದ ಜೊತೆಗಿರುತ್ತದೆ, ಅದು ಬಹುತೇಕ ಬೆಳೆಗಳಿಗೆ ದಕ್ಕುತ್ತದೆ. ಕಬ್ಬಿಣ ಹಿಡಿದಿಟ್ಟ ರಂಜಕವನ್ನು ಬಿಡಿಸಿಕೊಳ್ಳುವ ಶಕ್ತಿ ತೊಗರಿ ಬೇರಿನಲ್ಲಿತ್ತು. ಬೇರು ಸ್ರವಿಸುವ ರಸವನ್ನು ಸಂಗ್ರಹಿಸಿ ನೋಡಿದರೆ ಅದರಲ್ಲಿ ಪಿಸಿಡಿಕ್ ಆಮ್ಲ ಸಿಕ್ಕಿತು. 1990ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಈ ಸಂಶೋಧನೆ ಪ್ರಕಟವಾಯಿತು.

ಈ ಆಮ್ಲ ಕಬ್ಬಿಣವನ್ನು ತಾನು ಅಪ್ಪಿಕೊಂಡು ರಂಜಕವನ್ನು ಬಿಟ್ಟುಕೊಡುವಂತೆ ಮಾಡುತ್ತದೆ. ಹುಣಸೆಯ ಹುಳಿಗೆ ಕಾರಣವಾದ ಟಾರ್ಟಾರಿಕ್ ಆಮ್ಲದ ಹತ್ತಿರದ ಸಂಬಂಧಿ ಇದು. ಕಿಲುಬು ಹಿಡಿದ ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ಏನಾಗುತ್ತದೋ, ಹೆಚ್ಚುಕಡಿಮೆ ಅಂಥದೇ ಕೆಲಸ ಮಣ್ಣಿನೊಳಗೆ ಸದ್ದಿಲ್ಲದೆ ನಡೆದಿರುತ್ತದೆ.

ಮಳೆ ಬಿದ್ದು ನೆಲ ಹಸಿಯಾಗಿರುವಾಗ ಒಂದೂವರೆ ತಿಂಗಳ ತೊಗರಿ ಸಸಿಯನ್ನು ಬುಡ ಅಲ್ಲಾಡಿಸಿ ಮೆಲ್ಲಗೆ ಕಿತ್ತು ನೋಡಿ. ಮೇಲೆ ಮೊಣಕಾಲೆತ್ತರದ ಬಡಕಲು ಗಿಡ, ಕೆಳಗೆ ನೆಟ್ಟಗೆ ಇಳಿದ ತಾಯಿಬೇರು. ಪಕ್ಕದ ಎಳೆಬೇರುಗಳಿಗೆ ಮಣ್ಣು ಹಿಟ್ಟಿನಂತೆ ಅಂಟಿರುತ್ತದೆ, ಕೊಡವಿದರೂ ಬಿಡುವುದಿಲ್ಲ. ನಡುನಡುವೆ ಸಣ್ಣ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು, ಅಂದರೆ ಗಾಳಿಯ ಸಾರಜನಕವನ್ನು ಹಿಡಿಯುವ ಬ್ಯಾಕ್ಟೀರಿಯಾಗಳು ಕೆಲಸದಲ್ಲಿವೆ. ಮೊದಲ ಎರಡು ತಿಂಗಳು ತೊಗರಿ ನಿಧಾನವಾಗಿ ಬೆಳೆಯುತ್ತದೆಂದು ರೈತರು ಹೇಳುವುದು ನಿಜ. ಆದರೆ ಆ ದಿನಗಳಲ್ಲೇ ಅದು ನೆಲದೊಳಗೆ ತನ್ನ ಬುನಾದಿ ಹಾಕಿಕೊಳ್ಳುತ್ತಿರುತ್ತದೆ.

ಹಿರಿಯರು ಜೋಳದ ಹೊಲದಲ್ಲಿ, ರಾಗಿ ಹೊಲದಲ್ಲಿ ತೊಗರಿಯ ಅಕ್ಕಡಿ ಸಾಲು ಹಾಕಿದ್ದಕ್ಕೆ ಇಲ್ಲಿ ಒಂದು ಆಧಾರ ಸಿಗುತ್ತದೆ. ಜೋಳ ಸುಲಭವಾಗಿ ಕರಗುವ ರಂಜಕವನ್ನು ತಿನ್ನುತ್ತದೆ, ತೊಗರಿ ಅದಕ್ಕೆ ನಿಲುಕದ್ದನ್ನು. ಒಂದೇ ಹೊಲದಲ್ಲಿದ್ದರೂ ಒಂದರ ತುತ್ತನ್ನು ಇನ್ನೊಂದು ಪೂರ್ತಿ ಕಸಿಯುವುದಿಲ್ಲ. ಜೋಳ ಕೊಯ್ದ ಮೇಲೆ ಬೆಳಕೂ ತೇವವೂ ತೊಗರಿಗೇ. ಅದು ಉದುರಿಸುವ ಎಲೆಯಲ್ಲಿ ಕಬ್ಬಿಣದಿಂದ ಬಿಡಿಸಿಕೊಂಡ ರಂಜಕದ ಒಂದಿಷ್ಟು ಪಾಲು ಮತ್ತೆ ಹೊಲಕ್ಕೆ ಬೀಳುತ್ತದೆ.

ಎರೆಯಲ್ಲಿ ತೊಗರಿ ಬೆಳೆಯುವ ಕಲಬುರಗಿಯ ರೈತರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಪಿಸಿಡಿಕ್ ಆಮ್ಲದ ಈ ವಿದ್ಯೆ ಹೆಚ್ಚು ಕೆಲಸಕ್ಕೆ ಬರುವುದು ಮಸಾರಿಯಲ್ಲಿ: ಕೋಲಾರ, ತುಮಕೂರು, ಚಿತ್ರದುರ್ಗದ ಕೆಂಪು ಹೊಲಗಳಲ್ಲಿ, ತೆಲಂಗಾಣದ ಚಲ್ಕ ಭೂಮಿಯಲ್ಲಿ. ಎರೆಯಲ್ಲಿ ತೊಗರಿಗೆ ನೆರವಾಗುವುದು ಆಳದ ತೇವ ಮುಟ್ಟುವ ತಾಯಿಬೇರು ಮತ್ತು ಬೇರಿನೊಳಗೆ ವಾಸಿಸುವ ಮೈಕೊರೈಜಾ ಶಿಲೀಂಧ್ರ. ಬೇರು ತಲುಪದ ಕಡೆಗೆ ಆ ಶಿಲೀಂಧ್ರದ ಎಳೆಗಳು ಹೋಗಿ ರಂಜಕ ತಂದುಕೊಡುತ್ತವೆ, ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತವೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಬಾಗ್ಯರಾಜ್ ಅವರು ಇದರ ಮೇಲೆ ದಶಕಗಳ ಕಾಲ ದುಡಿದಿದ್ದಾರೆ. ಇನ್ನು ಹಿಂಗಾರಿನ ಕಡಲೆಯ ದಾರಿಯೇ ಬೇರೆ. ಅದರ ಬೇರು ಸಿಟ್ರಿಕ್, ಮ್ಯಾಲಿಕ್ ಆಮ್ಲ ಸ್ರವಿಸಿ ಸುಣ್ಣಕ್ಕಂಟಿದ ರಂಜಕವನ್ನು ಕರಗಿಸುತ್ತದೆ. ಎರೆ ಭೂಮಿಗೆ ಅದು ಅಷ್ಟು ಚೆನ್ನಾಗಿ ಹೊಂದಿಕೊಳ್ಳಲು ಇದೂ ಒಂದು ಕಾರಣ.

ರಂಜಕಕ್ಕಾಗಿ ನಡೆಯುವ ಪೈಪೋಟಿ ದಖ್ಖನಕ್ಕಷ್ಟೇ ಸೀಮಿತವಲ್ಲ. ಅಮೆಜಾನ್ ಕಾಡಿನ ಬಡ ಮಣ್ಣಿನಲ್ಲಿ ಬೇರುಗಳು ಆಳಕ್ಕಿಳಿಯುವ ಬದಲು ನೆಲದ ಮೇಲೆಯೇ ಹೆಣೆದುಕೊಂಡು ಚಾಪೆಯಾಗುತ್ತವೆ. ಉದುರಿದ ಎಲೆ ಕೊಳೆಯುತ್ತಿದ್ದಂತೆ ಅದರ ಸಾರ ಮಣ್ಣಿಗೆ ಇಳಿಯುವ ಮೊದಲೇ ಬೇರಿಗೆ ಸೇರಬೇಕು. ವೆನೆಜುವೆಲಾದ ಸ್ಯಾನ್ ಕಾರ್ಲೋಸ್ ಬಳಿ ಇಂಥ ಚಾಪೆಯ ಮೇಲೆ ವಿಕಿರಣಶೀಲ ರಂಜಕ ಮತ್ತು ಕ್ಯಾಲ್ಸಿಯಂ ಸಿಂಪಡಿಸಿ ನೋಡಿದ ಪ್ರಯೋಗ 1978ರಲ್ಲಿ ಪ್ರಕಟವಾಯಿತು. ಕೆಳಗೆ ಸೋರಿಹೋದದ್ದು ಸಾವಿರದಲ್ಲಿ ಒಂದು ಪಾಲು ಮಾತ್ರ. ಅಲ್ಲಿನ ಕೆಲವು ಬೇರುಗಳಂತೂ ಮೇಲ್ಮುಖವಾಗಿ ಪಕ್ಕದ ಮರಗಳ ಕಾಂಡ ಹತ್ತುತ್ತವೆ, ತೊಗಟೆಯ ಮೇಲೆ ಇಳಿದುಬರುವ ಮಳೆನೀರಿನಲ್ಲಿರುವ ಅಷ್ಟಿಷ್ಟು ಪೋಷಕಾಂಶಕ್ಕಾಗಿ.

ನನ್ನನ್ನು ಹೆಚ್ಚು ಕಾಡುವುದು ಭತ್ತದ ಕತೆ. ಕಸಲತ್ ಎಂಬ ಭಾರತದ ಹಳೆಯ ತಳಿಯಲ್ಲಿ, ಎಳವೆಯಲ್ಲೇ ಬೇರು ಹುಲುಸಾಗಿ ಹಬ್ಬುವಂತೆ ಮಾಡುವ ಜೀನ್ ಒಂದನ್ನು ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ತಂಡ 2012ರಲ್ಲಿ ಗುರುತಿಸಿತು. ರಂಜಕ ಕಡಿಮೆ ಇದ್ದಲ್ಲಿ ಇದರಿಂದ ಬೆಳೆಗೆ ಬಲ ಬರುತ್ತದೆ. ಅನೇಕ ಆಧುನಿಕ ತಳಿಗಳಲ್ಲಿ ಆ ಜೀನೇ ಇಲ್ಲ. ಗೊಬ್ಬರ ಧಾರಾಳವಾಗಿ ಹಾಕಿದ ಗದ್ದೆಯಲ್ಲೇ ತಳಿ ಆರಿಸುತ್ತ ಹೋದರೆ ಬೇರಿನ ಕಸುವು ಯಾರ ಕಣ್ಣಿಗೂ ಬೀಳುವುದಿಲ್ಲ.

ತೊಗರಿಗೂ ಇದೇ ಆದೀತೆಂಬುದು ನನ್ನ ಆತಂಕ. ನಮ್ಮ ಡಿಎಪಿ ಚೀಲ ವಿದೇಶದ ಫಾಸ್ಫೇಟ್ ಶಿಲೆಯನ್ನು ನಂಬಿ ನಿಂತಿದೆ, ಅದರ ಸಬ್ಸಿಡಿಯ ಹೊರೆ ಇಡೀ ದೇಶದ ಮೇಲಿದೆ. ಹಾಗೆಂದು ಗೊಬ್ಬರವೇ ಬೇಡ ಎನ್ನಲಾಗದು. ಬೇರು ಬಿಡಿಸಿಕೊಂಡದ್ದು ಕಾಳಿನ ಜೊತೆ ಪೇಟೆಗೆ ಹೋಗುತ್ತದೆ, ಹೊಲಕ್ಕೆ ಏನನ್ನೂ ಹಿಂದಿರುಗಿಸದಿದ್ದರೆ ಎಂಥ ಮಣ್ಣೂ ಬರಿದಾಗುತ್ತದೆ. ಆದರೆ ವರ್ಷವರ್ಷ ಸುರಿದು ಕಬ್ಬಿಣದ ಕೈಸೇರಿದ ರಂಜಕವನ್ನು ಮರಳಿ ಪಡೆಯಬಲ್ಲ ಬೆಳೆ ನಮ್ಮಲ್ಲಿರುವಾಗ ತಳಿ ಅಭಿವೃದ್ಧಿಯಲ್ಲಿ ಆ ಗುಣಕ್ಕೂ ಅಂಕ ಸಿಗಬೇಕು. ಸಿಡಿ ರೋಗ ತಡೆದುಕೊಳ್ಳುವ 'ಮಾರುತಿ' ತಳಿ 1986ರಲ್ಲಿ ಕರ್ನಾಟಕದ ರೈತರ ಕೈಗೆ ಬಂದದ್ದು ಇಕ್ರಿಸ್ಯಾಟ್‌ನ ಸಂಗ್ರಹದಿಂದಲೇ. ಪಟಾನ್‌ಚೆರುವಿನ ಜೀನ್ ಬ್ಯಾಂಕಿನಲ್ಲಿ ಇಂದು 13 ಸಾವಿರಕ್ಕೂ ಹೆಚ್ಚು ತೊಗರಿ ಮಾದರಿಗಳಿವೆ. ಅವುಗಳಲ್ಲಿ ಯಾವುದರ ಬೇರು ಕಬ್ಬಿಣದಿಂದ ಹೆಚ್ಚು ರಂಜಕ ಬಿಡಿಸುತ್ತದೆಂದು ತಿಳಿಯಬೇಕಾದರೆ ಗೊಬ್ಬರ ಕಾಣದ ಮಸಾರಿ ಹೊಲದಲ್ಲಿ ಬಿತ್ತಿ ನೋಡಬೇಕು. ರೋಗ ಸಹಿಸುವ ತಳಿ ಹುಡುಕುವಾಗ ರೋಗವಿರುವ ನೆಲದಲ್ಲೇ ಬಿತ್ತಿ ಆರಿಸುತ್ತಾರೆ, ಹಸಿವು ಸಹಿಸುವ ಬೇರನ್ನೂ ಹಾಗೆಯೇ ಆರಿಸಬೇಕು.