ಮಂಗಳಗಿರಿ: ಕೃಷ್ಣೆಯ ತೆಂಕಣ ದಡದ ಒಂದು ಶಿಲಾಸಾಕ್ಷಿ

ವಿಜಯವಾಡದಿಂದ ಗುಂಟೂರಿಗೆ ಹೋಗುವ ಹೆದ್ದಾರಿಯಲ್ಲಿ, ಕೃಷ್ಣಾನದಿಯನ್ನು ದಾಟಿದ ಮೇಲೆ, ನಗರದಿಂದ ಸುಮಾರು 12 ಕಿಲೋಮೀಟರು ದೂರದಲ್ಲಿ ಮಲಗಿದ ಆನೆಯಂತಿರುವ ಬೆಟ್ಟವೊಂದು ಕಾಣುತ್ತದೆ. ಅದರ ಬುಡದಲ್ಲಿರುವ ಊರೇ ಮಂಗಳಗಿರಿ. ಹಿಂದೆ ನೇಕಾರರ ಪಟ್ಟಣವೂ ಯಾತ್ರಾಸ್ಥಳವೂ ಆಗಿದ್ದ ಇದು ಈಗ ಉಪನಗರದಂತೆ ಬೆಳೆದಿದೆ. 2021ರಲ್ಲಿ ನೆರೆಯ ತಾಡೇಪಲ್ಲಿಯೊಡನೆ ಸೇರಿ ನಗರಪಾಲಿಕೆಯ ಸ್ಥಾನವನ್ನು ಪಡೆಯಿತು. ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಒಂದು ಶಾಖೆಯೂ ಇಲ್ಲಿದೆ. ಉದ್ಯೋಗನಿಮಿತ್ತವಾಗಿ ತೆಲುಗು ನಾಡಿನಲ್ಲಿ ನೆಲೆಸಿದ ಕನ್ನಡಿಗರು ಈ ಊರನ್ನು ಬಲ್ಲರಾದರೂ ಅದು ನಮ್ಮ ಚರಿತ್ರೆಗೆ ನುಡಿಯುವ ಸಾಕ್ಷಿಯನ್ನು ಗಮನಿಸಿದವರು ವಿರಳ.

ಇಲ್ಲಿ ನರಸಿಂಹನಿಗೆ ಮೂರು ನೆಲೆಗಳುಂಟು. ಬೆಟ್ಟದ ಮೇಲುಭಾಗದಲ್ಲಿ ಗಂಡಾಲ ನರಸಿಂಹ, ನಡುವೆ ಪಾನಕಾಲ ನರಸಿಂಹ, ಬುಡದಲ್ಲಿ ಲಕ್ಷ್ಮೀನರಸಿಂಹ. ತೆಲುಗಿನಲ್ಲಿ 'ಗಂಡಂ' ಎಂದರೆ ಗಂಡಾಂತರ. ಅದರ ನಿವಾರಣೆಗಾಗಿ ಅಲ್ಲಿ ವಿಗ್ರಹವಿಲ್ಲದ ಸ್ಥಾನದಲ್ಲಿ ದೀಪ ಹಚ್ಚುತ್ತಾರೆ. ಪಾನಕಾಲ ಸ್ವಾಮಿಯ ತೆರೆದ ಬಾಯಿಗೆ ಬೆಲ್ಲದ ಪಾನಕವನ್ನು ಎರೆಯುವುದು ಪ್ರಸಿದ್ಧವಾದ ಸೇವೆ. ಸ್ವಾಮಿಯು ಅರ್ಧವನ್ನು ಸ್ವೀಕರಿಸಿ ಅರ್ಧವನ್ನು ಪ್ರಸಾದವಾಗಿ ಬಿಡುವನೆಂದು ಭಕ್ತರ ನಂಬಿಕೆ. ಅಲ್ಲಿಗೆ ಹತ್ತುವ ಮೆಟ್ಟಲುಗಳು 1890ರಲ್ಲಿ ನಿರ್ಮಾಣವಾದವು. ಕೆಳಗಿನ ದೇವಾಲಯದ ಹನ್ನೊಂದು ನೆಲೆಗಳ ಗೋಪುರವನ್ನು 1807-09ರಲ್ಲಿ ಅಮರಾವತಿಯ ಜಮೀನ್ದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಕಟ್ಟಿಸಿದನು. ಎತ್ತರ 153 ಅಡಿ, ಅಗಲವಾದರೋ 49 ಅಡಿ ಮಾತ್ರ.

ಆದರೆ ಕನ್ನಡಿಗನು ಇಲ್ಲಿ ಮುಖ್ಯವಾಗಿ ನೋಡಬೇಕಾದುದು ಗೋಪುರವನ್ನಲ್ಲ, ಒಂದು ಶಾಸನಸ್ತಂಭವನ್ನು. ಕೃಷ್ಣದೇವರಾಯನು 1514ರಲ್ಲಿ ಉದಯಗಿರಿಯನ್ನು ಗೆದ್ದು, ಮರುವರ್ಷ ಗಜಪತಿಗಳ ವಶದಲ್ಲಿದ್ದ ಕೊಂಡವೀಡಿಗೆ ಮುತ್ತಿಗೆ ಹಾಕಿದನು. ಶಕವರ್ಷ 1437ರಲ್ಲಿ, ಎಂದರೆ ಕ್ರಿ.ಶ. 1515ರಲ್ಲಿ, ಆ ದುರ್ಗವು ಮಂತ್ರಿ ಸಾಳುವ ತಿಮ್ಮರಸನ ಕೈಸೇರಿದ ಸಂಗತಿಯನ್ನು ಈ ಸ್ತಂಭವು ದಾಖಲಿಸುತ್ತದೆ. ಮುಂದೆ ಸಂಧಿಯಾದಾಗ ರಾಯನು ಕೃಷ್ಣೆಯ ಬಡಗಣ ಪ್ರದೇಶವನ್ನು ಗಜಪತಿಗೆ ಹಿಂದಿರುಗಿಸಿದನು. ಹೀಗಾಗಿ ನದಿಯೇ ಗಡಿಯಾಯಿತು; ಮಂಗಳಗಿರಿಯು ಕರ್ಣಾಟ ಸಾಮ್ರಾಜ್ಯದ ಗಡಿನಾಡಾಯಿತು.

ಈ ಗೆಲುವನ್ನು ಕನ್ನಡರ ವಿಜಯವೆಂದು ಕೊಂಡಾಡುವುದು ಸುಲಭ. ಗೆದ್ದ ನಾಡನ್ನು ಆಳಿದವರು ಯಾರೆಂಬುದನ್ನು ವಿಚಾರಿಸಿದರೆ ಆ ಮಾತು ನಿಲ್ಲುವುದಿಲ್ಲ. ಕೊಂಡವೀಡಿನ ಅಧಿಕಾರವು ತಿಮ್ಮರಸನ ಸೋದರಳಿಯಂದಿರಾದ ನಾದಿಂಡ್ಲ ಅಪ್ಪ ಮತ್ತು ಗೋಪರಿಗೆ ಬಂದಿತು. ನಾದಿಂಡ್ಲವು ಅದೇ ಸೀಮೆಯ ಗ್ರಾಮ. ಗೋಪನು ತೆಲುಗಿನಲ್ಲಿ 'ಕೃಷ್ಣಾರ್ಜುನ ಸಂವಾದ'ವನ್ನು ರಚಿಸಿದ ಕವಿ. ಮಾದಯ್ಯಗಾರಿ ಮಲ್ಲನನು ತನ್ನ 'ರಾಜಶೇಖರ ಚರಿತ್ರ'ವನ್ನು ಅಪ್ಪನಿಗೆ ಅಂಕಿತಮಾಡಿದನು. ದುರ್ಗವನ್ನು ಸೈನ್ಯವು ಗೆದ್ದಿತು. ಅದನ್ನು ಉಳಿಸಿಕೊಂಡುದು ಆ ನೆಲದವರ ಮೇಲಿಟ್ಟ ವಿಶ್ವಾಸ. ಲೇವಾದೇವಿಯನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ: ದೂರದ ಬಂಡವಾಳಕ್ಕೆ ಸ್ಥಳೀಯ ಜಾಮೀನು ಬೇಕು.

ಇಂಥ ಕೊಡುಕೊಳೆ ಅದಕ್ಕೂ ಬಹು ಹಿಂದಿನದು. ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನನು ಏಳನೆಯ ಶತಮಾನದಲ್ಲಿ ವೆಂಗಿಯಲ್ಲಿ ಸ್ಥಾಪಿಸಿದ ವಂಶವು ಕ್ರಮೇಣ ತೆಲುಗಿಗೆ ಆಶ್ರಯವಾಯಿತು. ಆ ವಂಶದ ಯುದ್ಧಮಲ್ಲನ ಬೆಜವಾಡದ ಶಾಸನವು ಮಧ್ಯಾಕ್ಕರ ಪದ್ಯಗಳಲ್ಲಿದೆ. ಇದು ನಮ್ಮ ನಡುವಣಕ್ಕರದ ಒಡಹುಟ್ಟು. ಇತ್ತ ಪಂಪನ ಪೂರ್ವಿಕರೂ 'ಛಂದೋಂಬುಧಿ'ಯ ನಾಗವರ್ಮನ ಪೂರ್ವಿಕರೂ ವೆಂಗಿಯಿಂದ ಬಂದವರು. ನಾವು ಅಲ್ಲಿಗೊಂದು ಅರಸುಮನೆಯನ್ನು ಕೊಟ್ಟೆವು; ಅಲ್ಲಿಂದ ಆದಿಕವಿಯ ಮನೆತನವನ್ನು ಪಡೆದೆವು. ನಷ್ಟ ಯಾರಿಗೂ ಆಗಲಿಲ್ಲ.

ಬಿಡುವಿರುವವರು ಸಮೀಪದ ಉಂಡವಲ್ಲಿಯನ್ನೂ ನೋಡಬೇಕು. ಬಾದಾಮಿಯನ್ನು ಕಂಡವರಿಗೆ ಅಲ್ಲಿನ ನಾಲ್ಕು ಅಂತಸ್ತಿನ ಗುಹಾಲಯವೂ, 5 ಮೀಟರಿಗೂ ಉದ್ದವಾದ ಅನಂತಶಯನ ವಿಗ್ರಹವೂ ಹೋಲಿಕೆಗೆ ಒಳ್ಳೆಯ ಸಾಮಗ್ರಿ. ಹತ್ತಿರದಲ್ಲೇ ಕೃಷ್ಣೆಗೆ ಅಡ್ಡಲಾಗಿ 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜು ಇದೆ. ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡಿಕೊಂಡ ನೀರೇ ಇಲ್ಲಿ ಕಾಲುವೆಗಳಾಗಿ ಹಂಚಿಹೋಗುತ್ತದೆ. ಊರಿನೊಳಗೆ ಕುಣಿಮಗ್ಗದ ಹತ್ತಿಸೀರೆಗಳಲ್ಲಿ ಒಡಲು ಸರಳ, ಜರಿಯ ಅಂಚಿನಲ್ಲಿಯೇ ಅಂದ. ಇಳಕಲ್ಲಿನ ಸೀರೆಯನ್ನು ಬಲ್ಲವರಿಗೆ ಈ ಭೇದವು ಸ್ವಾರಸ್ಯವಾಗಿ ತೋರುವುದು.

ಕೃಷ್ಣದೇವರಾಯನು ಕನ್ನಡಿಗನೋ ತೆಲುಗನೋ ಎಂಬ ವಾದವು ಎರಡು ನಾಡುಗಳಲ್ಲಿಯೂ ಆಗಾಗ ತಲೆಯೆತ್ತುತ್ತದೆ. ಹೊರನಾಡಿನಲ್ಲಿ ಬಾಳುವ ನಮಗೆ ಈ ವಾದವು ಬರಿಯ ಪಾಂಡಿತ್ಯದ ವಿಷಯವಲ್ಲ. ನೆರೆಯವರೊಡನೆ ನಾವು ಹಕ್ಕುದಾರರಾಗಿ ಬಾಳಬೇಕೋ ಬಂಧುಗಳಾಗಿ ಬಾಳಬೇಕೋ ಎಂಬ ಪ್ರಶ್ನೆ ಅದರಲ್ಲಿ ಅಡಗಿದೆ. ಮಂಗಳಗಿರಿಯ ಸ್ತಂಭವು ಎರಡನೆಯ ದಾರಿಯನ್ನೇ ತೋರಿಸುತ್ತದೆ.