ಹಿತ್ತಿಲ ಬಾಗಿಲಿಗೊಂದು ಸೋಲಾರ್ ದೀಪ

ರಾತ್ರಿ ಹತ್ತೂವರೆ. ಊಟ ಮುಗಿದು, ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ ಇನ್ನೇನು ಮಲಗಬೇಕು, ಅಷ್ಟರಲ್ಲಿ ಹಿತ್ತಿಲ ಕಡೆ ಏನೋ ಸದ್ದು. ಬೆಕ್ಕಾ? ನಾಯಿನಾ? ಅಥವಾ...? ಯಜಮಾನರು ಊರಲ್ಲಿಲ್ಲ, ಮಕ್ಕಳು ಮಲಗಿದ್ದಾರೆ. ಕಿಟಕಿಯಲ್ಲಿ ಇಣುಕಿದರೆ ಗಾಜಿನಲ್ಲಿ ನಿಮ್ಮ ಮುಖವೇ ಕಾಣುತ್ತದೆ, ಆಚೆಗೆ ಬರೀ ಕತ್ತಲು. ಬಾಗಿಲು ತೆಗೆಯೋಕೆ ಧೈರ್ಯವಿಲ್ಲ, ಸುಮ್ಮನೆ ಮಲಗಿದರೆ ನಿದ್ದೆ ಬರುವುದಿಲ್ಲ. ಈ ಅನುಭವ ನಿಮಗೂ ಆಗಿರಬೇಕಲ್ಲವೆ?

ಇಂಥ ಹೊತ್ತಿಗೆಂದೇ ಈಗ ಸೋಲಾರ್ ಮೋಷನ್ ಸೆನ್ಸರ್ ದೀಪಗಳು ಬಂದಿವೆ. ಹಗಲು ಬಿಸಿಲಲ್ಲಿ ತಾನೇ ಚಾರ್ಜ್ ಆಗಿ, ರಾತ್ರಿ ಯಾರಾದರೂ ಹತ್ತಿರ ಸುಳಿದರೆ ತಾನೇ ಉರಿದು, ಅರ್ಧ ನಿಮಿಷಕ್ಕೆಲ್ಲ ತಾನೇ ಆರುವ ದೀಪ. ವೈರಿಂಗ್ ಬೇಡ, ಬಿಲ್ ಇಲ್ಲ, ಕರೆಂಟ್ ಹೋದರೂ ಚಿಂತೆಯಿಲ್ಲ. ಐನೂರು ರೂಪಾಯಿಂದ ಎರಡು ಸಾವಿರದೊಳಗೆ ಒಳ್ಳೆಯದೇ ಸಿಗುತ್ತದೆ. ಗೋಡೆಗೆ ಎರಡು ಸ್ಕ್ರೂ ಹೊಡೆದರೆ ಮುಗಿಯಿತು ಅಂತ ಡಬ್ಬದ ಮೇಲೆ ಬರೆದಿರುತ್ತಾರೆ. ಆದರೆ ಆ ಸ್ಕ್ರೂ ಎಲ್ಲಿ ಹೊಡೆಯುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ಇದನ್ನು ನಾನು ಕಲಿತದ್ದು ಅಮ್ಮನ ಕೈ ಮುರಿದ ಮೇಲೆ.

ನನ್ನ ತವರು ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿ. ಅಪ್ಪ ಹೋದ ಮೇಲೆ ಅಲ್ಲಿ ಅಮ್ಮ ಒಬ್ಬಳೇ. ಬಚ್ಚಲುಮನೆ ಹಿಂದುಗಡೆ, ಹಿತ್ತಿಲ ಬಾಗಿಲಿನಿಂದ ಹತ್ತು ಹನ್ನೆರಡು ಹೆಜ್ಜೆ ದೂರ. ಎರಡು ವರ್ಷದ ಹಿಂದೆ ದೀಪಾವಳಿಗೆ ಹೋದಾಗ 'ನೂರು ಎಲ್‌ಇಡಿ' ಅಂತ ದೊಡ್ಡದಾಗಿ ಬರೆದಿದ್ದ ದೀಪ ಒಯ್ದೆ. ವೈರಿಂಗ್ ಕೆಲಸದ ಹುಡುಗ ಮಳೆಗೆ ನೆನೆಯದಿರಲಿ ಅಂತ ಒಳ್ಳೆಯ ಮನಸ್ಸಿನಿಂದಲೇ ಅದನ್ನು ಹಿತ್ತಿಲ ಬಾಗಿಲ ಮೇಲೆ, ಸೂರಿನ ಕೆಳಗೆ ಕೂರಿಸಿಕೊಟ್ಟ. ಚಳಿಗಾಲವಿಡೀ ಝಗ್ ಅಂತ ಉರಿಯಿತು. ಅಮ್ಮ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ್ದಳು.

ಜುಲೈ ಬಂತು. ಎಂಟು ದಿನ ಬಿಡದೆ ಮಳೆ. ಕರೆಂಟ್ ಹೋಗುವುದು ಅಲ್ಲಿ ಸುದ್ದಿಯೇ ಅಲ್ಲ. ಒಂದು ರಾತ್ರಿ ಬಚ್ಚಲಿಗೆ ಹೊರಟ ಅಮ್ಮ ಅಂಗಳದ ಪಾಚಿಗಟ್ಟಿದ ಕಲ್ಲಿನ ಮೇಲೆ ಜಾರಿಬಿದ್ದಳು. ಬಲ ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರ್. ನಾನು ಓಡಿಹೋದಾಗ ಅವಳು ಹೇಳಿದ್ದು ಒಂದೇ ಮಾತು: "ನಿನ್ನ ದೀಪ ಇದೆ ಅಂತ ಟಾರ್ಚ್ ತಗೊಳ್ಳಲಿಲ್ಲ ಕಣೇ. ಅದು ನೋಡಿದ್ರೆ ಹತ್ತಲೇ ಇಲ್ಲ." ದೀಪವೇ ಇಲ್ಲದಿದ್ದರೆ ಅಮ್ಮ ಟಾರ್ಚ್ ಹಿಡಿದೇ ಹೋಗುತ್ತಿದ್ದಳು. ಹತ್ತುತ್ತೋ ಇಲ್ಲವೋ ಗೊತ್ತಿಲ್ಲದ ದೀಪ, ಇಲ್ಲದ ದೀಪಕ್ಕಿಂತ ಅಪಾಯ ನೋಡಿ.

ಚಳಿಗಾಲದಲ್ಲಿ ಉರಿದದ್ದು ಮಳೆಗಾಲದಲ್ಲಿ ಯಾಕೆ ಕೈಕೊಟ್ಟಿತು? ಮೋಡ ಅನ್ನುತ್ತೀರಿ, ಅದು ಅರ್ಧ ಸತ್ಯ. ನವೆಂಬರ್, ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನಮ್ಮ ಹಿತ್ತಿಲ ಗೋಡೆ ದಕ್ಷಿಣಕ್ಕಿದೆ, ಹಾಗಾಗಿ ಸೂರಿನಡಿಗೂ ಬಿಸಿಲು ಇಣುಕುತ್ತಿತ್ತು. ಮೇ ಕಳೆಯುವಷ್ಟರಲ್ಲಿ ನಮ್ಮ ಕಡೆ ಅವನು ನೆತ್ತಿಗೇರಿ ಸ್ವಲ್ಪ ಉತ್ತರಕ್ಕೂ ಸರಿದಿರುತ್ತಾನೆ. ಆಮೇಲೆ ಸೂರಿನ ಕೆಳಗೆ ಬಿಸಿಲೆಲ್ಲಿ? ನೆನೆಯಬಾರದೆಂದು ಒಳಗೆ ಕೂರಿಸಿದ್ದೇ ತಪ್ಪಾಗಿತ್ತು.

ಸೂರ್ಯನ ಸಂಬಳ, ದೀಪದ ಖರ್ಚು

ಇದನ್ನು ಮನೆಖರ್ಚಿನ ಹಾಗೆ ಲೆಕ್ಕ ಹಾಕಿ, ಸಲೀಸಾಗಿ ಅರ್ಥವಾಗುತ್ತದೆ. ಒಂದು ವ್ಯಾಟ್ ಒಂದು ಗಂಟೆ ಉರಿಯಲು ಒಂದು ರೂಪಾಯಿ ಖರ್ಚು ಅಂದುಕೊಳ್ಳಿ. ಇಂಥ ದೀಪದ ತಲೆಯ ಮೇಲಿರುವ ಪ್ಯಾನೆಲ್ ಸುಮಾರು ಒಂದು ವ್ಯಾಟಿನದು. ಒಳ್ಳೆ ಬಿಸಿಲಿನ ದಿನ ಅದರ ಸಂಪಾದನೆ ನಾಲ್ಕು ರೂಪಾಯಿ. ದಟ್ಟ ಮೋಡದ ದಿನ ಎಂಟಾಣೆ ಹುಟ್ಟಿದರೆ ಪುಣ್ಯ.

ಈಗ ಖರ್ಚಿಗೆ ಬನ್ನಿ. ಹೆಚ್ಚಿನ ದೀಪಗಳಲ್ಲಿ ಮೂರು ಮೋಡ್ ಇರುತ್ತವೆ. ಒಂದರಲ್ಲಿ ದೀಪ ಪೂರ್ತಿ ಆರಿರುತ್ತದೆ, ಯಾರಾದರೂ ಬಂದಾಗ ಮಾತ್ರ ಜೋರಾಗಿ ಹತ್ತುತ್ತದೆ. ಇನ್ನೊಂದರಲ್ಲಿ ರಾತ್ರಿಯಿಡೀ ಮಂಕಾಗಿ ಉರಿಯುತ್ತಿದ್ದು, ಜನ ಬಂದಾಗ ಜೋರಾಗುತ್ತದೆ. ಮತ್ತೊಂದರಲ್ಲಿ ಸೆನ್ಸರ್ ಕೆಲಸವೇ ಇಲ್ಲ, ಬೆಳಗಿನವರೆಗೆ ಒಂದೇ ಸಮ ಉರಿಯುತ್ತದೆ. ಬರೀ ಮಂಕು ಬೆಳಕಿಗೆ ಗಂಟೆಗೆ ಮೂವತ್ತು ಪೈಸೆ ಅಂದರೂ ಹನ್ನೊಂದು ಗಂಟೆಗೆ ಮೂರು ರೂಪಾಯಿ ಮೂವತ್ತು ಪೈಸೆ. ಬೇಸಿಗೆಯ ಸಂಬಳದಲ್ಲಿ ಇದು ನಡೆಯುತ್ತದೆ, ಮಳೆಗಾಲದ ಎಂಟಾಣೆಯಲ್ಲಿ ಖಂಡಿತ ಇಲ್ಲ. ಅದೇ ಮೊದಲನೇ ಮೋಡ್‌ನಲ್ಲಿ ಐದು ವ್ಯಾಟಿನ ದೀಪ ಒಂದು ಸಲ ಇಪ್ಪತ್ತು ಸೆಕೆಂಡ್ ಉರಿದರೆ ಮೂರು ಪೈಸೆಯೂ ಆಗುವುದಿಲ್ಲ. ರಾತ್ರಿ ಹದಿನೈದು ಸಲ ಹತ್ತಿ ಆರಿದರೂ ಆ ಎಂಟಾಣೆಯಲ್ಲೇ ಸಂಸಾರ ತೂಗುತ್ತದೆ!

ಅಮ್ಮನ ದೀಪ ಇದ್ದದ್ದು ಎರಡನೇ ಮೋಡ್‌ನಲ್ಲಿ. ರಾತ್ರಿಯಿಡೀ ಒಂಚೂರು ಬೆಳಕಿರಲಿ ಅಂತ ಹಾಗಿಟ್ಟವಳು ನಾನೇ. ಎಂಟು ಗಂಟೆಯೊಳಗೆ ಅದರ ಗಂಟು ಕರಗಿರುತ್ತಿತ್ತು.

ಹಾಗಾಗಿ ದೀಪ ಕೊಳ್ಳುವಾಗ ಬೇಸಿಗೆಯ ಬಿಸಿಲನ್ನು ನಂಬಬೇಡಿ, ನಿಮ್ಮೂರಿನ ಜುಲೈ ತಿಂಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತ, ಕರಾವಳಿಯಲ್ಲಿ, ಕೊಡಗಿನಲ್ಲಿ ಇರುವವರು ಪ್ಯಾನೆಲ್ ಬೇರೆ, ದೀಪ ಬೇರೆ ಇರುವಂಥದ್ದನ್ನೇ ಕೇಳಿ ಪಡೆಯಿರಿ. ನಡುವೆ ಮೂರರಿಂದ ಐದು ಮೀಟರ್ ವೈರ್ ಬರುತ್ತದೆ. ದೀಪ ಸೂರಿನಡಿ ಇರಲಿ, ಪ್ಯಾನೆಲ್ ಮಾಡಿನ ಮೇಲೆ ಆಕಾಶ ಕಾಣುವಲ್ಲಿ ಇರಲಿ. ದಕ್ಷಿಣಕ್ಕೆ ಮುಖ ಮಾಡಿ ಸ್ವಲ್ಪ ಓರೆಯಾಗಿ ಕೂರಿಸಿದರೆ ಮಳೆಯೇ ಅದರ ಧೂಳು ತೊಳೆಯುತ್ತದೆ. ನೆಂಟರು ಕೊಟ್ಟ ಹಳೇ ಮಾದರಿ ಆಗಲೇ ಮನೆಯಲ್ಲಿದೆಯಾ? ಬಿಸಾಡಬೇಡಿ. ಸೂರಿನಿಂದ ಈಚೆಗೆ ತಂದು ಕಂಬಕ್ಕೋ ಕಾಂಪೌಂಡಿಗೋ ಹಾಕಿ, ಮೊದಲನೇ ಮೋಡ್‌ಗೆ ತಿರುಗಿಸಿ. ಅಷ್ಟರಲ್ಲೇ ಅರ್ಧ ಕೆಲಸ ಆಗುತ್ತದೆ.

ನೇರ ಬಂದರೆ ಕಾಣದು, ಅಡ್ಡ ಹಾದರೆ ಕಾಣುತ್ತದೆ

ದೀಪದ ಮುಖದಲ್ಲಿ ಅರ್ಧ ನಿಂಬೆಹಣ್ಣು ಕವುಚಿಟ್ಟಂಥ ಒಂದು ಬಿಳಿ ಉಬ್ಬು ಇರುತ್ತದೆ. ಅದೇ ಸೆನ್ಸರ್‌ನ ಕಣ್ಣು. ಅದು ನೋಡುವುದು ಆಕಾರವನ್ನಲ್ಲ, ಮೈಯ ಶಾಖವನ್ನು. ಬೆಚ್ಚಗಿನ ಮೈ ಅದರ ಮುಂದೆ ಅಡ್ಡ ಹಾದುಹೋದರೆ ತಕ್ಷಣ ತಿಳಿಯುತ್ತದೆ. ನೇರ ಅದರತ್ತಲೇ ನಡೆದುಬಂದರೆ ತೀರಾ ಹತ್ತಿರ ಬರುವವರೆಗೆ ಗೊತ್ತಾಗದು. ಬಾಗಿಲ ನೆತ್ತಿಯ ಮೇಲೆ ಹಾಕುವವರು ಮಾಡುವ ತಪ್ಪು ಇದೇ. ಗೇಟಿನಿಂದ ಬಾಗಿಲಿಗೆ ಬರುವ ದಾರಿ ಸೆನ್ಸರಿಗೆ ನೇರವಾಗಿಬಿಡುತ್ತದೆ. ದಾರಿಯ ಪಕ್ಕದ ಗೋಡೆಗೆ, ಏಳರಿಂದ ಹತ್ತಡಿ ಎತ್ತರದಲ್ಲಿ ಹಾಕಿ. ಕೈಗೆ ಎಟುಕಬಾರದು, ತೀರಾ ಮೇಲೂ ಹೋಗಬಾರದು. ಅಮ್ಮನ ಹೊಸ ದೀಪ ಈಗ ಬಚ್ಚಲಿನ ಪಕ್ಕದ ಗೋಡೆಯಲ್ಲಿದೆ, ಎರಡು ಹೆಜ್ಜೆ ಇಡುವಷ್ಟರಲ್ಲಿ ಹತ್ತುತ್ತದೆ.

ಶಾಖ ನೋಡುವ ಕಣ್ಣು ಅಂದೆನಲ್ಲ, ಅದಕ್ಕೇ ಒಂದು ಮುಖ್ಯ ಮಾತು. ಹಾವು ಹರಿದರೆ ಈ ದೀಪ ಬಹುಮಟ್ಟಿಗೆ ಹತ್ತುವುದಿಲ್ಲ. ಹಾವಿನ ಮೈ ಸುತ್ತಲಿನ ನೆಲದಷ್ಟೇ ತಣ್ಣಗಿರುತ್ತದೆ, ಸೆನ್ಸರಿಗೆ ವ್ಯತ್ಯಾಸವೇ ಸಿಗದು. ದೀಪ ಹತ್ತಿಲ್ಲ, ಹಾಗಾದರೆ ಅಂಗಳದಲ್ಲಿ ಏನೂ ಇಲ್ಲ ಅಂದುಕೊಂಡು ಕಾಲಿಡಬೇಡಿ. ದೀಪ ಹತ್ತುವುದು ನಿಮ್ಮ ಮೈಗೆ. ಹತ್ತಿದ ಮೇಲೆ ನೆಲ ನೋಡಿಕೊಂಡು ಹೋಗಬೇಕಾದವರು ನೀವು. ಭಾರತದಲ್ಲಿ 2000ದಿಂದ 2019ರವರೆಗೆ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತ್ತು. ಅದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ್ದು. ನಮ್ಮ ರಾಜ್ಯದಲ್ಲಿ 2024ರಿಂದ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯ. ಸೋಲಾರ್ ದೀಪ ಸೊರಗುವ ತಿಂಗಳುಗಳೂ ಇವೇ ಆಗಿರುವುದರಿಂದ ಜುಲೈ ಲೆಕ್ಕ ಹಾಕಿ ಅಂತ ಮತ್ತೆ ಮತ್ತೆ ಹೇಳುತ್ತಿದ್ದೇನೆ. ಟಾರ್ಚ್ ಬಾಗಿಲ ಬಳಿಯ ಮೊಳೆಯಲ್ಲಿ ತೂಗಾಡುತ್ತಲೇ ಇರಲಿ.

ರಾಯಚೂರು, ಕಲಬುರಗಿ ಕಡೆಯವರಿಗೆ ಬಿಸಿಲಿನ ಬಡತನವಿಲ್ಲ, ಅವರ ಕಷ್ಟವೇ ಬೇರೆ. ಮೇ ತಿಂಗಳ ಮುಸ್ಸಂಜೆಯಲ್ಲಿ ಗೋಡೆ, ನೆಲ ಎಲ್ಲ ಮನುಷ್ಯನ ಮೈಯಷ್ಟೇ ಕಾದಿರುತ್ತವೆ. ಆಗ ಸೆನ್ಸರ್ ಮಂದವಾಗುತ್ತದೆ, ನಾಲ್ಕು ಮಾರು ದೂರದಿಂದ ಗುರುತಿಸುತ್ತಿದ್ದದ್ದು ಎರಡು ಮಾರಿಗೆ ಇಳಿಯಬಹುದು. ರಾತ್ರಿ ತಂಪಾದಂತೆ ಸರಿಹೋಗುತ್ತದೆ, ಕೆಟ್ಟಿದೆ ಅಂತ ವಾಪಸ್ ಕೊಡಬೇಡಿ.

ಡಬ್ಬದ ಮೇಲೆ ಏನು ಓದಬೇಕು?

'ನೂರು ಎಲ್‌ಇಡಿ', 'ಇನ್ನೂರು ಎಲ್‌ಇಡಿ' ಅನ್ನುವುದನ್ನು ಬಿಟ್ಟುಬಿಡಿ. ಹುಣಸೆಬೀಜ ಎಣಿಸಿದ ಹಾಗೆ ಬಲ್ಬ್ ಎಣಿಸಿದರೆ ಬೆಳಕಿನ ಅಳತೆ ಸಿಗದು. ಲ್ಯೂಮೆನ್ ಎಷ್ಟು ಅಂತ ನೋಡಿ. ಹಳೇ ಕಾಲದ 60 ವ್ಯಾಟಿನ ಹಳದಿ ಬಲ್ಬ್ ಕೊಡುತ್ತಿದ್ದದ್ದು ಸುಮಾರು 700 ಲ್ಯೂಮೆನ್. ಹಿತ್ತಿಲ ಬಾಗಿಲಿಗೆ 300ರಿಂದ 500 ಸಾಕು, ಗೇಟಿಗೋ ಗಾಡಿ ನಿಲ್ಲಿಸುವ ಜಾಗಕ್ಕೋ 800 ಇರಲಿ. ಲ್ಯೂಮೆನ್ ಬರೆದೇ ಇಲ್ಲದಿದ್ದರೆ ಆ ಡಬ್ಬ ಕೆಳಗಿಡಿ.

ನೀರು ತಡೆಯುವ ಶಕ್ತಿಗೆ 'ಐಪಿ' ಅನ್ನುವ ಗುರುತಿದೆ. ಮುಂದಿನ ಎರಡು ಅಂಕಿಗಳಲ್ಲಿ ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಐಪಿ44 ಅಂದರೆ ಎರಚಲು ತಡೆಯುತ್ತದೆ, ಐಪಿ65 ಅಂದರೆ ಪೈಪಿನಲ್ಲಿ ನೀರು ಹಾಯಿಸಿದರೂ ತಡೆಯುತ್ತದೆ. ಬಯಲಲ್ಲಿ ಹಾಕುವುದಕ್ಕೆ 65ಕ್ಕಿಂತ ಕಡಿಮೆ ಬೇಡ.

ಎಲ್ಲಕ್ಕಿಂತ ಬೇಗ ಸೋಲುವುದು ಬ್ಯಾಟರಿ. ಸಾಮಾನ್ಯ ಲಿಥಿಯಂ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೊರಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಅಂತ ಬರೆದಿದ್ದರೆ ಹೆಚ್ಚು ವರ್ಷ ಬಾಳುತ್ತದೆ, ಸೆಕೆಯನ್ನೂ ಚೆನ್ನಾಗಿ ತಾಳುತ್ತದೆ. "ಹಿಂದುಗಡೆ ಸ್ಕ್ರೂ ಬಿಚ್ಚಿ ಬ್ಯಾಟರಿ ಬದಲಾಯಿಸಬಹುದಾ?" ಅಂತ ಅಂಗಡಿಯವನನ್ನು ಕೇಳಿ. ಪೂರ್ತಿ ಅಂಟಿಸಿಬಿಟ್ಟಿದ್ದರೆ ಬ್ಯಾಟರಿ ಜೊತೆ ದೀಪವೂ ಹೋದಂತೆ. ಬದಲಾಯಿಸುವಾಗ ಹಳೆಯದರ ಮೇಲಿದ್ದ ಜಾತಿ, ವೋಲ್ಟೇಜನ್ನೇ ಹಾಕಿ. 3.2 ಇದ್ದಲ್ಲಿ 3.7 ತುರುಕುವುದು ಅಪಾಯ.

ಸಿಟಿಯಲ್ಲಿ ಸಮಸ್ಯೆ ನೆರಳಿನದು. ಪಕ್ಕದವರು ಮೂರು ಮಹಡಿ ಎಬ್ಬಿಸಿದ್ದರೆ ನಿಮ್ಮ ಸಂದಿಗೆ ಬಿಸಿಲೇ ಬೀಳದು. ಅಲ್ಲಿ ಸೋಲಾರ್ ಹಟ ಬೇಡ, ಕರೆಂಟಿನ ಸೆನ್ಸರ್ ದೀಪವೇ ವಾಸಿ. ಹಾಗೇ ಬೀದಿದೀಪದ ಬೆಳಕು ಪ್ಯಾನೆಲ್ ಮೇಲೆ ಬೀಳುತ್ತಿದ್ದರೆ ಅದು ಇನ್ನೂ ಹಗಲೆಂದೇ ತಿಳಿದು ದೀಪ ಹತ್ತಿಸುವುದಿಲ್ಲ. ಇನ್ನು ಕಳ್ಳರ ವಿಷಯ. ಗೇಟಿಗೊಂದು ದೀಪ ಹಾಕಿ ನಿಶ್ಚಿಂತರಾಗುವವರು ಬಹಳ. ಗೇಟಿಗೆ ಹೇಗೂ ರಸ್ತೆಯ ಬೆಳಕಿರುತ್ತದೆ. ರಸ್ತೆಗೆ ಕಾಣದ ಪಕ್ಕದ ಸಂದಿ, ಹಿಂಬಾಗಿಲು, ಮೆಟ್ಟಿಲ ಕೆಳಗಿನ ಮೂಲೆ, ಇಲ್ಲಿಗೆ ಮೊದಲು ಹಾಕಿ. ಬಾಗಿಲು ತಟ್ಟಿದವರ ಮುಖದ ಮೇಲೆ ಬೆಳಕು ಬೀಳಬೇಕು, ಒಳಗಿಂದ ನೋಡುವ ನಿಮ್ಮ ಕಣ್ಣಿಗೆ ಹೊಡೆಯಬಾರದು. ಎದುರು ಮನೆಯವರ ಬೆಡ್‌ರೂಮಿಗೂ ಹೊಡೆಯಬಾರದು ಅನ್ನಿ, ಆಮೇಲೆ ಜಗಳಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ! ದೀಪದ ಮುಖ ಸ್ವಲ್ಪ ಕೆಳಕ್ಕೆ ಬಾಗಿರಲಿ. ಚಿಲಕ, ಬೀಗ ಗಟ್ಟಿಯಿಲ್ಲದಿದ್ದರೆ ಮೊದಲು ಆ ದುಡ್ಡು ಅದಕ್ಕೇ ಹಾಕಿ.

ತಂದ ದಿನವೇ ಗೋಡೆಗೇರಿಸಬೇಡಿ. ಹಿಂದಿನ ಸ್ವಿಚ್ ಆನ್ ಮಾಡಿ (ಇದನ್ನು ಮರೆತು ದೀಪ ಕೆಟ್ಟಿದೆ ಅನ್ನುವವರೇ ಜಾಸ್ತಿ) ಎರಡು ದಿನ ಹಪ್ಪಳ ಒಣಗಿಸುವಂತೆ ಟೆರೇಸ್ ಮೇಲೆ ಬಿಸಿಲಿಗಿಡಿ. ಹಗಲಲ್ಲೇ ಪರೀಕ್ಷಿಸಬೇಕಾದರೆ ಪ್ಯಾನೆಲ್ ಮೇಲೆ ದಪ್ಪ ಬಟ್ಟೆ ಮುಚ್ಚಿ, ಮುಂದೆ ಅಡ್ಡಾಡಿ ನೋಡಿ. ಹಾಕಿದ ರಾತ್ರಿ ನೀವು ದಿನಾ ಓಡಾಡುವ ದಾರಿಯಲ್ಲಿ ನಡೆದು, ಎಷ್ಟನೇ ಹೆಜ್ಜೆಗೆ ಹತ್ತುತ್ತದೆ ಅಂತ ಎಣಿಸಿ. ತಡವಾದರೆ ಸ್ವಲ್ಪ ತಿರುಗಿಸಿ. ಯಾರೂ ಇಲ್ಲದೆ ಸುಮ್ಮಸುಮ್ಮನೆ ಹತ್ತುತ್ತಿದ್ದರೆ ಗಾಳಿಗೆ ಆಡುವ ಬಾಳೆಯೆಲೆ, ಒಣಹಾಕಿದ ಬಟ್ಟೆ, ಸೆನ್ಸರ್ ಮೇಲೇ ಕೂತ ಹಲ್ಲಿ ಇವುಗಳಲ್ಲೊಂದು ಕಾರಣವಿರುತ್ತದೆ. ವಾರಕ್ಕೊಮ್ಮೆ ಕಿಟಕಿ ಒರೆಸುವಾಗ ಒದ್ದೆ ಬಟ್ಟೆಯಲ್ಲಿ ಪ್ಯಾನೆಲ್ಲನ್ನೂ, ಆ ಬಿಳಿ ಉಬ್ಬನ್ನೂ ಒರೆಸಿ. ಜೂನ್ ಮೊದಲ ವಾರ ಮೋಡ್ ಬದಲಾಯಿಸುವುದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಸತ್ತ ಬ್ಯಾಟರಿಯನ್ನು ಮಾತ್ರ ಹಸಿಕಸದ ಜೊತೆ ಹಾಕಬೇಡಿ, ಒಲೆಗಂತೂ ಬೇಡವೇ ಬೇಡ. ಲಿಥಿಯಂ ಬೆಂಕಿಗೆ ಸಿಡಿಯುತ್ತದೆ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಬೇರೆಯಾಗಿ ಕೊಡಿ.